ಬಸವನ ಮಾರ್ಕಿನ ಸೀಸೆ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಕಡುಹಸಿರು ಬಣ್ಣದ ಒಂದು ಸೀಸೆ ಇದೆ. ಹರಳೆಣ್ಣೆ ಅದರ ಕಾಯಂ ಬಾಡಿಗೆದಾರ. ಸೀಸೆಯ ತಳ ಹೆಬ್ಬೆಟ್ಟು ತೂರುವಷ್ಟು ಒಳಕ್ಕೆ ಕುಳಿಬಿದ್ದಿರುವುದರಿಂದ ನೋಡಿದವರಿಗೆ ಎಣ್ಣೆ ಇನ್ನೂ ಬೇಕಾದಷ್ಟಿದೆ ಎನಿಸುತ್ತದೆ; ಬಗ್ಗಿಸಿದರೆ ಮಾತ್ರ ಬರುವುದಿಲ್ಲ. ಮೊನ್ನೆ ಮೈಸೂರಿನಿಂದ ಬಂದಿದ್ದ ನನ್ನ ತಂಗಿಯ ಮಗ ಶಂಕರ, ಭಾನುವಾರದ ಎಣ್ಣೆನೀರಿಗೆಂದು ಅದನ್ನು ಕೈಗೆ ತೆಗೆದುಕೊಂಡವನು, ತಳದ ಕುಳಿಗೆ ಬೆರಳು ಹಾಕಿ ನೋಡಿ, "ಮಾವ, ಇದು ವೈನ್ ಬಾಟ್ಲಿ ಅಲ್ವಾ? ನಿಮ್ಮನೇಗೆ ಇದೆಲ್ಲಿಂದ ಬಂತು?" ಎಂದ.

ಶಂಕರ ಈಚೆಗೆ ಗೆಳೆಯರ ಜೊತೆ ಸೇರಿ ವೈನಿನ ರುಚಿ ಕಲಿಯುತ್ತಿದ್ದಾನೆ. ಅದು ಅವನ ತಾಯಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ. ಗೊತ್ತಿದ್ದೂ ತಂಗಿಗೆ ಹೇಳದೆ ಇರುವುದು ನನ್ನ ಸದ್ಯದ ಚಿಂತೆಗಳಲ್ಲೊಂದು. "ಹಂಗಾದ್ರೆ ನೀವೇ ಹೇಳಿ ಮಾವ, ಯಾವ ವೈನ್ ಕುಡೀಬೇಕು?" ಎಂದು ಅವನು ತಮಾಷೆಗೆ ಕೇಳಿದ. ನಾನು ಯೋಚಿಸದೆ ಹೇಳಿಬಿಟ್ಟೆ: "ಎಲ್ಲರೂ ಹೇಳುವ ದೊಡ್ಡ ಹೆಸರುಗಳ ತಂಟೆಗೆ ಹೋಗಬೇಡ. ಫ್ರಾನ್ಸಿನದೇ ಬೇಕು ಅಂದ್ರೆ ಕಾಓರ್ ಅಂತ ಕೇಳು. ಪೋರ್ಚುಗಲ್ಲಿನ ದಾಂವ್ ಸಿಕ್ಕಿದರೆ ಬಿಡಬೇಡ. ಎಲ್ಲಕ್ಕಿಂತ ಮೊದಲು ಹಂಗೇರಿ ದೇಶದ ಎಗೆರ್ ಊರಿನದು ಹುಡುಕು."

ಎಣ್ಣೆ ಹಿಡಿದ ಅವನ ಕೈ ನೆತ್ತಿಯ ಮೇಲೆಯೇ ನಿಂತಿತು. ಎಣ್ಣೆ ಹುಬ್ಬಿನವರೆಗೂ ಇಳಿಯಿತು.

ನೀವೂ ಹಾಗೆಯೇ ನಿಂತಿದ್ದೀರೆಂದು ಬಲ್ಲೆ. ಹುಟ್ಟಿದ್ದು ಪಿರಿಯಾಪಟ್ಟಣ, ಅನ್ನ ಹುಟ್ಟಿದ್ದು ಹುಣಸೂರು. ಕೊರಳಲ್ಲಿ ಲಿಂಗ, ಮನೆಯಲ್ಲಿ ಈರುಳ್ಳಿಯನ್ನೂ ಅನುಮಾನದಿಂದ ನೋಡುತ್ತಿದ್ದ ಹಿರಿಯರು. ಇಂಥವನು ಯುರೋಪಿನ ಕೆಂಪು ವೈನಿನ ಬಗ್ಗೆ ಬುದ್ಧಿ ಹೇಳುವುದೆಂದರೆ ಈಜು ಬಾರದವನು ಕಪಿಲೆಯ ದಡದಲ್ಲಿ ನಿಂತು ಎಲ್ಲಿ ಆಳ ಎಲ್ಲಿ ಮೊಣಕಾಲುದ್ದ ಎಂದು ಕೈ ತೋರಿಸಿದಂತೆ. ಆದರೂ ನನ್ನ ಮಾತನ್ನು ನೀವು ನಂಬಬಹುದು. ನಾನು ಕುಡಿದದ್ದು ಕಡಿಮೆ. ಕುಡಿದದ್ದಕ್ಕೆ ಹೆದರಿದ್ದು ಬಹಳ. ಹೆದರಿಕೊಂಡು ಕುಡಿದದ್ದರ ರುಚಿ ನಾಲಿಗೆಯಲ್ಲಿ ತುಂಬ ದಿನ ಉಳಿಯುತ್ತದೆ.

ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಬಣ್ಣದ ಸೀಸೆಯ ಹೆದರಿಕೆಯಂತೂ ಇನ್ನೂ ಹಳೆಯದು. ನಮ್ಮವ್ವ ನಮಗೆಲ್ಲ ಭೇದಿಗೆ ಹರಳೆಣ್ಣೆ ಕೊಡುವ ದಿನ ಬೆಳಿಗ್ಗೆಯೇ ಕಪ್ಪು ಸೀಸೆಯೊಂದನ್ನು ಜಗಲಿಯ ಬಿಸಿಲಿಗೆ ಇಡುತ್ತಿದ್ದಳು. ಎಣ್ಣೆ ತುಸು ಬೆಚ್ಚಗಾಗಲಿ ಎಂದು ಅವಳ ಉದ್ದೇಶ. ಅದು ಬೆಚ್ಚಗಾಗುತ್ತ ಹೋದಂತೆ ನಾವು ತಣ್ಣಗಾಗುತ್ತಿದ್ದೆವು. ಅಣ್ಣ ಹಿತ್ತಲ ಸೀಬೆಮರ ಹತ್ತುತ್ತಿದ್ದ. ತಂಗಿ ಪಕ್ಕದ ಮನೆಯ ಕಣಜದ ಹಿಂದೆ ಅಡಗುತ್ತಿದ್ದಳು. ನಾನು ಎಲ್ಲಿಗೂ ಓಡುತ್ತಿರಲಿಲ್ಲ. ಓಡಿದರೆ ಇನ್ನೊಂದು ಚಮಚ ಹೆಚ್ಚಿಗೆ ಕೊಟ್ಟಾಳೆಂಬ ಚಿಂತೆ. ಹೀಗಾಗಿ ನನಗೇ ಮೊದಲು ಸಿಗುತ್ತಿತ್ತು. ಒಳಗೆ ಏನಿದೆಯೆಂದು ಕಾಣದ ಸೀಸೆ ಕಂಡರೆ ಇವತ್ತಿಗೂ ನಾನು ಒಂದು ಸಲ ಹಿತ್ತಲ ದಾರಿ ನೋಡಿಕೊಳ್ಳುತ್ತೇನೆ.

ಇಂಥ ನನ್ನ ಕೈಗೆ ಒಂದೇ ಸಲ ಅಂಥ ಮೂರು ಸೀಸೆ ಬಂದವು.

ಐವತ್ತರ ದಶಕದ ನಡುವಿನ ಮಾತು. ಹುಣಸೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ರೈಟರಾಗಿದ್ದೆ. ಅಲ್ಲಿಯ ಮೇನೇಜರು ಇಂಗ್ಲಿಷಿನವರು. ನಮ್ಮ ಬಾಯಲ್ಲಿ ಬರಿಯ 'ದೊರೆ'. ದೇಶ ಬಿಟ್ಟು ಹೋದವರೆಲ್ಲ ಹೋಗಿ ಎಷ್ಟೋ ವರ್ಷವಾದ ಮೇಲೆ ಇವರು ಹೊರಟರು. ಅವರು ಕನ್ನಡ ಕಲಿತದ್ದು ಮೂಟೆ ಹೊರುವ ಆಳುಗಳಿಂದ. ಆದ್ದರಿಂದ ಜಿಲ್ಲೆಯ ದೊಡ್ಡ ಅಧಿಕಾರಿಗಳನ್ನೂ ಅವರು "ಏನ್ಲಾ" ಎಂದೇ ಮಾತನಾಡಿಸುತ್ತಿದ್ದರು; ಅಧಿಕಾರಿಗಳು ಅದನ್ನು ಪ್ರೀತಿ ಎಂದುಕೊಳ್ಳುತ್ತಿದ್ದರು.

ಹೊರಡುವ ಮುಂಚೆ ಬಂಗಲೆಯ ಸಾಮಾನನ್ನೆಲ್ಲ ಹಂಚಿದರು. ಅಡುಗೆಯವನಿಗೆ ಊಟದ ಮೇಜು, ಡ್ರೈವರಿಗೆ ಗ್ರಾಮಫೋನು. ನನ್ನ ಕಣ್ಣು ಅವರ ತಿರುಗುವ ಕುರ್ಚಿಯ ಮೇಲಿತ್ತು. ಅದನ್ನು ಇಟ್ಟರೆ ಬಾಡಿಗೆ ಮನೆಯಲ್ಲಿ ತಿರುಗಲು ಜಾಗ ಸಾಲುತ್ತದೆಯೇ ಎಂದು ಗೇಣು ಹಾಕಿಯೂ ನೋಡಿದ್ದೆ. ಕುರ್ಚಿ ಮಾಲಿಯ ಪಾಲಾಯಿತು. ನನ್ನನ್ನು ಒಳಗೆ ಕರೆದು ಹುಲ್ಲು ಸುತ್ತಿದ ಮೂರು ಸೀಸೆ ಕೊಟ್ಟರು.

"ಒಳ್ಳೇ ಹೆಸರಿರೋದೆಲ್ಲ ಕ್ಲಬ್ಬಿನೋರು ಒತ್ಕೊಂಡೋದ್ರು ಕಣಪ್ಪ. ಪೆದ್ದ್ ನನ್ ಮಕ್ಳು. ಹೆಸ್ರು ಕುಡೀತಾರೆ, ವೈನ್ ಕುಡಿಯಲ್ಲ. ಇವು ಯಾರ್ಗೂ ಗೊತ್ತಿಲ್ಲ. ಅದಕ್ಕೇ ಉಳ್ಕಂಡವೆ. ನೀನು ಓದಿದೋನು, ಮಡೀಕೋ."

ಒಂದೊಂದನ್ನೂ ಎತ್ತಿ ಹೆಸರು ಹೇಳಿದರು. ಮೂರನೆಯದರ ಚೀಟಿಯ ಮೇಲೆ ಕೊಂಬು ತಗ್ಗಿಸಿದ ಒಂದು ಗೂಳಿಯ ಚಿತ್ರ. "ಎಗ್ರಿ ಬಿಕಾವೇರ್. ಹಂಗೇರೀಲಿ ಎಗೆರ್ ಅಂತ ಊರು, ಅಲ್ಲೀದು. ಹೆಸ್ರಿಗೆ ಅರ್ಥ ಏನ್ ಗೊತ್ತಾ? ಗೂಳಿ ರಕ್ತ!" ನನ್ನ ಮುಖ ನೋಡಿ ಗಹಗಹಿಸಿ ನಕ್ಕರು. "ರಕ್ತ ಗಿಕ್ತ ಇಲ್ಲ ಕಣೋ, ಬರೀ ದ್ರಾಕ್ಷಿ. ಆ ಹೆಸ್ರು ಯಾಕ್ ಬಂತು ಅಂದ್ರೆ…" ಎನ್ನುವಷ್ಟರಲ್ಲಿ ಕಾರು ಬಂದು ಹಾರನ್ನು ಹೊಡೆಯಿತು. ದೊರೆ ಹೊರಟುಹೋದರು. ಯಾಕೆ ಬಂತೆನ್ನುವುದು ಅವರ ಜೊತೆಗೇ ಹಡಗು ಹತ್ತಿತು.

ಮೂರು ಸೀಸೆಗಳೊಂದಿಗೆ ನನ್ನ ಬಾಡಿಗೆ ಮನೆ ಇಕ್ಕಟ್ಟಾಯಿತು. ಪಾನನಿರೋಧದ ಕಾಲ. ಯಾವ ತಾಲ್ಲೂಕಿನಲ್ಲಿ ಇಂಥದ್ದನ್ನು ಇಟ್ಟುಕೊಳ್ಳಬಹುದು, ಯಾವುದರಲ್ಲಿ ಕೂಡದು ಎಂಬ ಕಾನೂನು ನನಗೆ ಸರಿಯಾಗಿ ತಿಳಿದಿರಲಿಲ್ಲ. ಯಾರನ್ನಾದರೂ ಕೇಳಿದರೆ "ನೀನ್ಯಾಕೆ ಕೇಳ್ತೀಯಾ?" ಎಂದಾರೆಂದು ಕೇಳಲಿಲ್ಲ. ಸುರಿದುಬಿಡೋಣವೆಂದರೆ ಹಿತ್ತಲಿನ ಮಣ್ಣು ಕೆಂಪಗಾಗಿ, ನೆರೆಯವರು ಕೋಳಿ ಕೊಯ್ದಿದ್ದಾನೆಂದು ತಿಳಿದು, ಅದು ಪಿರಿಯಾಪಟ್ಟಣದವರೆಗೆ ಮುಟ್ಟಿದರೆ?

ಮೊದಲ ಸೀಸೆಯಿಂದ ನನ್ನನ್ನು ಪಾರುಮಾಡಿದವನು ನಂಜುಂಡ. ಹೆಗ್ಗಡದೇವನಕೋಟೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಹೈಸ್ಕೂಲಿನ ಗೆಳೆಯ. "ತತ್ತಾ ಕಣ್ಲಾ, ಯೋಚ್ನೆ ಯಾಕೆ!" ಎಂದು ಕರೆಸಿಕೊಂಡ. ಸಂಜೆ ಬಿಸಿಲು ತಗ್ಗುವ ಹೊತ್ತಿಗೆ ಕಪಿಲೆಯ ದಡದಲ್ಲಿ, ಬೇಯಿಸಿದ ಅವರೆಕಾಯಿ ಮುಂದಿಟ್ಟುಕೊಂಡು ಕೂತೆವು. ಬಿರಡೆ ತೆಗೆಯುವುದು ಹೇಗೆಂದು ಇಬ್ಬರಿಗೂ ತಿಳಿಯದು. ನಂಜುಂಡ ಕಡತ ಹೊಲಿಯುವ ದಬ್ಬಣ ತಂದಿದ್ದ. ಅದರಿಂದ ಚುಚ್ಚಿ ಚುಚ್ಚಿ ಬಿರಡೆಯನ್ನು ಪುಡಿಮಾಡಿ, ಉಳಿದದ್ದನ್ನು ಒಳಕ್ಕೇ ತಳ್ಳಿ, ಪಂಚೆಯ ಚುಂಗಿನಲ್ಲಿ ಸೋಸಿದೆವು. ಅದು ಕಾಓರ್. ಫ್ರಾನ್ಸಿನ ನೈಋತ್ಯ ಮೂಲೆಯದು, 'ಕರಿ ವೈನು' ಎಂದೇ ಅಲ್ಲಿ ಹೆಸರಂತೆ.

ನಂಜುಂಡ ಒಂದು ಗುಟುಕು ಎಳೆದು ಕಣ್ಣು ಮುಚ್ಚಿದ. "ಲೇ, ಇದು ಇಂಕು ಕಣ್ಲಾ!" ಇನ್ನೊಂದು ಗುಟುಕು. "ಊಂ… ನೇರಳೆಹಣ್ಣು ತಿಂದು ಕಬ್ಬಿಣದ ಬಾಂಡ್ಲಿ ನೆಕ್ಕಿದಂಗದೆ." ಮೂರನೆಯದು. "ಬಾಂಡ್ಲಿ ಒಳ್ಳೇದು ಬುಡು."

ಆಮೇಲೆ ನಾನು ಇಂಗ್ಲಿಷಿನಲ್ಲಿ ವೈನಿನ ವರ್ಣನೆಗಳನ್ನು ಎಷ್ಟೋ ಓದಿದ್ದೇನೆ. ಕಾಓರ್ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ಕಂಡಿಲ್ಲ. ಸಿಕ್ಕಿದರೆ ಬಿಸಿಲಿನ ಹೊತ್ತು ಕುಡಿಯಬೇಡಿ. ಚಳಿಗಾಲದ ಸಂಜೆ, ಹುರುಳಿಕಟ್ಟಿನ ಸಾರಿನ ಜೊತೆಗೆ ಅದು ಸರಿಹೋಗುತ್ತದೆ. ಪಂಚೆಯಲ್ಲಿ ಸೋಸಬೇಡಿ. ಬಿಳಿ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ನಾಲಿಗೆಗೆ ಹತ್ತಿದ್ದೂ ಸುಲಭಕ್ಕೆ ಹೋಗುವುದಿಲ್ಲ. ಅವತ್ತು ಬಸ್ಸು ಹತ್ತುವ ಮೊದಲು ನಾನು ಕೈಗನ್ನಡಿಯಲ್ಲಿ ನಾಲಿಗೆ ನೋಡಿಕೊಂಡೆ: ನೀಲಿ! ನನಗೆ ಏನೋ ರೋಗ ಹತ್ತಿತೆಂದೇ ನಿಶ್ಚಯವಾಯಿತು. ಹುಣಸೂರಿನವರೆಗೂ ಎಲೆಅಡಿಕೆ ಅಗಿಯುತ್ತ ಬಂದೆ.

ಎರಡನೆಯದು ದಾಂವ್. ಪೋರ್ಚುಗಲ್ಲಿನ ನಡುನಾಡಿನದು, ಸುತ್ತ ಬೆಟ್ಟ, ಕಲ್ಲುನೆಲ, ಪೈನ್ ಮರದ ಕಾಡು. ಯಾರ ಕಣ್ಣಿಗೂ ಬೀಳದಿರಲೆಂದು ನಾನು ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹುಣಸೆಹಣ್ಣಿನ ಗುಡಾಣದ ಹಿಂದೆ ಬಚ್ಚಿಟ್ಟೆ. ಬೇಸಿಗೆ ಕಳೆಯುವಷ್ಟರಲ್ಲಿ ಬಿರಡೆ ಮೇಲೆದ್ದು, ಒಳಗಿದ್ದದ್ದು ಹುಳಿಯಾಗಿತ್ತು. ಊರಿನಿಂದ ಬಂದಿದ್ದ ನಮ್ಮವ್ವ ಮೂಸಿ ನೋಡಿ, "ಹುಣ್ಸೆರಸ ಕೆಟ್ಟೋಗದೆ ಕಲಾ" ಎಂದು ಅದರಲ್ಲಿ ತಾಮ್ರದ ಬಿಂದಿಗೆಗಳನ್ನೆಲ್ಲ ತಿಕ್ಕಿದಳು. ಬಿಂದಿಗೆಗಳು ಅಷ್ಟು ಹೊಳೆದದ್ದು ಮೊದಲೂ ಇಲ್ಲ, ಆಮೇಲೂ ಇಲ್ಲ. ಹಲವು ವರ್ಷಗಳ ನಂತರ ಮೈಸೂರಿನಲ್ಲಿ ಒಬ್ಬರ ಮನೆಯಲ್ಲಿ ಸರಿಯಾದ ದಾಂವ್ ಸಿಕ್ಕಿತು. ಮೆತ್ತಗೆ, ತಣ್ಣಗೆ, ಮಳೆ ಬಂದು ನಿಂತ ಮೇಲೆ ಕಾಡಿನ ಅಂಚಿನಲ್ಲಿ ನಡೆದ ಹಾಗೆ. ಒಂದು ಲೋಟ ಮುಗಿಸಿ ಸುಮ್ಮನೆ ಕೂತುಕೊಳ್ಳಬೇಕೆನಿಸುವ ವೈನು ಅದು. ನನಗೆ ಮಾತ್ರ ಅವ್ವನ ಬಿಂದಿಗೆಗಳು ನೆನಪಾಗಿ ಕಣ್ಣಲ್ಲಿ ನೀರು ಬಂತು. ಮನೆಯವರು ವೈನು ಅಷ್ಟು ಹಿಡಿಸಿತೆಂದು ಇನ್ನೊಂದು ಲೋಟ ಕೊಟ್ಟರು. ಇಂಥ ಸೀಸೆಯನ್ನು ತಂಪಿನಲ್ಲಿ, ಮಲಗಿಸಿ ಇಡಬೇಕು. ನಾನು ಕಲಿತದ್ದು ತಡವಾಗಿ. ನೀವು ಮೊದಲೇ ಕಲಿಯಿರಿ.

ಇನ್ನು ಗೂಳಿಯದು. ಅದನ್ನು ಕೊಡಬೇಕಾದವರು ಯಾರೆಂದು ನಾನು ಮೊದಲೇ ಗೊತ್ತುಮಾಡಿಕೊಂಡಿದ್ದೆ: ಭೇರ್ಯದ ಮಿಲಿಟರಿ ಚಿಕ್ಕಣ್ಣ. ಯುದ್ಧಕಾಲದಲ್ಲಿ ಇಟಲಿಗೆ ಹೋಗಿ ಬಂದವರು. ನನ್ನ ಸೋದರತ್ತೆಯ ಮನೆ ಭೇರ್ಯದಲ್ಲಿಯೇ. ಅತ್ತೆಯ ಜಗಲಿಯೇ ಚಿಕ್ಕಣ್ಣನವರ ಸಂಜೆಯ ಠಾಣೆ. ಏನು ಮಾತು ತೆಗೆದರೂ ಅವರು ಇಟಲಿಗೆ ಹೋಗಿ ನಿಲ್ಲುತ್ತಿದ್ದರು. "ಗುಡ್ಡದ್ ಮ್ಯಾಲೆ ಒಂದು ಅಳ್ಳಿ ಕಣ್ರಪ್ಪ. ಕುಡಿಯಕ್ಕೆ ನೀರು ಕೊಡವ್ವಾ ಅಂದ್ರೆ ಮುದುಕಿ ಒಬ್ಳು ಮಣ್ಣಿನ ಕುಡಿಕೇಲಿ ಕೆಂಪು ವೈನು ಕೊಟ್ಳು. ಅದ್ಕೆ ಹೆಸ್ರಿಲ್ಲ, ಚೀಟಿ ಇಲ್ಲ. ಅಂಥದ್ದು ಇನ್ನು ಈ ಜಲ್ಮಕ್ಕೆ ಸಿಕ್ಕಾಕಿಲ್ಲ." ಹೆಸರಿಲ್ಲದ ಆ ಇಟಲಿಯ ವೈನನ್ನೂ ನನ್ನ ಶಿಫಾರಸ್ಸಿನಲ್ಲಿ ಸೇರಿಸಿಕೊಳ್ಳಿ. ಎಲ್ಲಿ ಸಿಗುತ್ತದೆಂದು ಮಾತ್ರ ಕೇಳಬೇಡಿ.

ಭೇರ್ಯಕ್ಕೆ ಹೋಗಲು ನನಗೆ ಇನ್ನೊಂದು ಕಾರಣವೂ ಇತ್ತು. ಅತ್ತೆಯ ಮಗಳು ಗೌರಿ. ಅವಳು ನನಗೇ ಎಂದು ತೊಟ್ಟಿಲಲ್ಲಿ ಇದ್ದಾಗಲೇ ಅತ್ತೆ ಹೇಳಿದ್ದರಂತೆ. ಅತ್ತೆಗೆ ಒಪ್ಪಿಗೆ, ಮಾವನಿಗೆ ಒಪ್ಪಿಗೆ, ನನಗಂತೂ ಬೇರೆ ಹುಡುಗಿಯನ್ನು ನೋಡಲು ಹೋಗುವ ಧೈರ್ಯವೇ ಇರಲಿಲ್ಲ. ಗೌರಿಗೆ ಏನೆಂದು ಕೇಳುವ ಧೈರ್ಯವೂ ಇರಲಿಲ್ಲ. ಆದರೆ ಆ ಮನೆತನದಲ್ಲಿ ಕೊನೆಯ ಮಾತು ಮಾವನ ದೊಡ್ಡಪ್ಪನದು. ರಾವಂದೂರಿನ ದೊಡ್ಡಯ್ಯ ಎಂದರೆ ನಾಲ್ಕು ತಾಲ್ಲೂಕಿನ ನೆಂಟರು ಎದ್ದು ನಿಲ್ಲುತ್ತಿದ್ದರು. ಎದೆಯವರೆಗೆ ಇಳಿದ ಅಚ್ಚ ಬಿಳಿ ಗಡ್ಡ. ಕುಡಿತವೆಂದರೆ ಕಿಡಿಕಿಡಿ. ಗೌರಿಯ ಅಕ್ಕನಿಗೆ ಗೊತ್ತುಮಾಡಿದ್ದ ಗಂಡೊಂದು ಬಸ್‌ಸ್ಟ್ಯಾಂಡಿನಲ್ಲಿ ಬ್ರಾಂದಿ ವಾಸನೆ ಹೊಡೆಯಿತೆಂದು, ಚಪ್ಪರ ಹಾಕಿದ ಮೇಲೆ ಸಂಬಂಧವನ್ನು ಮುರಿದವರು ಅವರು. ಚಪ್ಪರದ ಕೆಳಗೇ ಬೇರೆ ಗಂಡು ಹುಡುಕಿ ಮದುವೆ ಮಾಡಿಸಿದವರೂ ಅವರೇ.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಮನೆಗೆ ಆ ಸೀಸೆ ಒಯ್ದದ್ದು ಹೇಗೆ ಎನ್ನುತ್ತೀರಾ? ಬಸ್ಸಿಳಿದು ನೆಟ್ಟಗೆ ಚಿಕ್ಕಣ್ಣನವರ ಮನೆಗೇ ಹೋದೆ. ಬೀಗ. ಕೃಷ್ಣರಾಜನಗರಕ್ಕೆ ಪಿಂಚಣಿ ತರಲು ಹೋಗಿದ್ದರು. ಚೀಲವನ್ನು ಅತ್ತೆಯ ಮನೆಯ ಜಗಲಿಯ ಮೂಲೆಯಲ್ಲಿಟ್ಟು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಚೀಲ ಚಪ್ಪಟೆಯಾಗಿತ್ತು.

ಸೀಸೆ ದೇವರ ಗೂಡಿನಲ್ಲಿತ್ತು. ಮೈತುಂಬ ವಿಭೂತಿಯ ಮೂರು ಗೆರೆ. ನೆತ್ತಿಯ ಮೇಲೆ ಒಂದು ಕಣಗಿಲೆ ಹೂವು.

ಅತ್ತೆ ಅದರ ಮುಂದೆ ಕೈಮುಗಿದು ನಿಂತಿದ್ದರು. ವಿಷಮಶೀತ ಜ್ವರದಿಂದ ಎದ್ದು ಆಗಲೇ ಬಹಳ ದಿನವಾಗಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಕೈಬಳೆ ಮೊಣಕೈಯವರೆಗೆ ಜಾರುತ್ತಿದ್ದವು. ಡಾಕ್ಟರು ಕೊಟ್ಟ ಟಾನಿಕ್ಕನ್ನು "ಸಾರಾಯಿ ವಾಸ್ನೆ" ಎಂದು ಬಚ್ಚಲಿಗೆ ಚೆಲ್ಲಿದ್ದರು.

"ಬಸವಣ್ಣನ ಪಟ ಆಕವ್ರಲ್ಲೋ ಗುರುಸಿದ್ದು! ಔಷ್ದಿ ತಂದಿದೀನಿ ಅಂತ ಬಾಯ್ಬುಟ್ಟು ಹೇಳ್ಬಾರ್ದೇನಪ್ಪ?"

"ಅತ್ತೆ, ಅದು ಔಷ್ದಿ ಅಲ್ಲ…"

"ಸುಮ್ನಿರು. ನಿಮ್ಮಾವ ಓದ್ತಾವ್ರೆ."

ಮಾವ ಕನ್ನಡಕ ಏರಿಸಿ ಚೀಟಿಯ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ಬೆಲ್ಲದ ವ್ಯಾಪಾರಿ, ಮೂಟೆಯ ಮೇಲಿನ ಇಂಗ್ಲಿಷು ಓದಿ ಅಭ್ಯಾಸ. "ಇ, ಜಿ, ಆರ್, ಐ… ಎಗ್ರಿ. ಅಗ್ರಿ ಇರ್ಬೇಕು. ಅಗ್ರಿಕಲ್ಚರ್ ಇಲಾಖೇದು. ಬಿ, ಐ, ಕೆ, ಎ, ವಿ, ಇ, ಆರ್… ಕಾವೇರ್… ಲೇ ಇವಳೇ, ಕಾವೇರಿ ಕಣೇ! ಕೊನೇಲಿ ಬರ್ಬೇಕಾದ್ ಐ ಅಕ್ಷರವ ಪ್ರೆಸ್ಸಿನೋರು ಮುಂದಕ್ ಹಾಕ್ಬುಟ್ಟವ್ರೆ. ಕೊಡಗಿಂದ ಬಂದಿರೋದು!"

ಬಸವ ಒಂದು ಕಡೆ, ಕಾವೇರಿ ಇನ್ನೊಂದು ಕಡೆ. ಇದಕ್ಕಿಂತ ಪವಿತ್ರವಾದದ್ದು ಅಂಗಡಿಯಲ್ಲಿ ಸಿಗುವುದುಂಟೆ? ನಾನು ಬಾಯಿ ತೆರೆದೆ. "ಮಾವ, ಇದು ದ್ರಾಕ್ಷಿ ಹಣ್ಣಿನ ರಸ, ಕೊಳೆಸಿ ಮಾಡ್ತಾರೆ…"

"ದ್ರಾಕ್ಷಿ ಮೈಗೆ ಬಲ ಅಂತ ಪಂಡಿತ್ರೂ ಹೇಳವ್ರೆ" ಎಂದರು ಅತ್ತೆ. "ಕೊಳೆಸ್ದೆ ಇನ್ನೇನು, ಇಡ್ಲಿ ಹಿಟ್ಟು ಹುಳಿ ಬರಲ್ವಾ?"

"ದೊರೆ ಕೊಟ್ಟದ್ದು ಅತ್ತೆ."

"ದೊರೆ ಕೊಡೋದು ಅಂದ್ರೆ ಸಾಮಾನ್ಯವಾ! ಒಳ್ಳೇದೇ ಕೊಟ್ಟಿರ್ತಾನೆ."

ನಾನು ಹೇಳಿದ ಒಂದೊಂದು ನಿಜವೂ ಹೀಗೆ ಅವರ ಕಿವಿಯೊಳಗೆ ಹೋಗಿ ಇನ್ನಷ್ಟು ವಿಭೂತಿ ಬಳಿದುಕೊಂಡು ಹೊರಬಂತು. ಅಷ್ಟು ಹೊತ್ತಿಗೆ ಮಾವ ಬಿರಡೆಗೆ ಒಂದು ಸ್ಕ್ರೂ ತಿರುಗಿಸಿ, ಇಕ್ಕಳದಿಂದ ಹಿಡಿದೆಳೆದು ಕಿತ್ತಾಗಿತ್ತು. ಅತ್ತೆ ಔನ್ಸು ಗ್ಲಾಸಿನಲ್ಲಿ ಗೆರೆಗೆ ಸರಿಯಾಗಿ ಹುಯ್ದು, ಕಣ್ಣಿಗೊತ್ತಿಕೊಂಡು, ಒಂದೇ ಸಲಕ್ಕೆ ಕುಡಿದರು. ಮುಖ ಹುಳ್ಳಗಾಯಿತು.

"ಆ! ಒಗರು! ನೆಲ್ಲಿಕಾಯಿ ಜಗಿದಂಗದೆ. ಔಷ್ದಿ ಅಂದ್ರೆ ಇಂಗಿರ್ಬೇಕು."

ಅವತ್ತು ಮಧ್ಯಾಹ್ನ ಅತ್ತೆ ಒಂದು ಮುದ್ದೆ ಉಂಡರು. ಜ್ವರ ಬಂದಂದಿನಿಂದ ಪೂರಾ ಒಂದು ಮುದ್ದೆ ಉಂಡದ್ದು ಅದೇ ಮೊದಲು. ಉಂಡು, ತಮ್ಮ ಮದುವೆಯ ಕಾಲದ ಸೋಬಾನೆ ಪದವೊಂದನ್ನು ಗುನುಗುತ್ತ ಮಲಗಿದರು. ಮಾವ ಕಣ್ಣೊರೆಸಿಕೊಂಡರು. ನಾನು ಖಾಲಿ ಚೀಲ ಮಡಚಿಕೊಂಡು ಹುಣಸೂರಿನ ಬಸ್ಸು ಹತ್ತಿದೆ.

ಇಲ್ಲಿ ಒಂದು ಮಾತು: ತೆಗೆದ ಸೀಸೆಯನ್ನು ಎರಡು ದಿನದೊಳಗೆ ಮುಗಿಸಬೇಕು, ಆಮೇಲೆ ಹುಳಿಯಾಗುತ್ತದೆ. ಅತ್ತೆ ದಿನಕ್ಕೊಂದು ಔನ್ಸಿನಂತೆ ವಾರಗಟ್ಟಲೆ ಕುಡಿದರು. ಹುಳಿ ಏರಿದಂತೆಲ್ಲ, "ದಿನಾ ದಿನಾ ಗುಣ ಜಾಸ್ತಿ ಆಯ್ತಾ ಅದೆ" ಎನ್ನುತ್ತಿದ್ದರಂತೆ. ಬಳೆಗಳು ಮೊಣಕೈಯಿಂದ ಮಣಿಕಟ್ಟಿಗೆ ಇಳಿದವು.

ನಾನು ಹುಣಸೂರಿನಲ್ಲಿ ಕೂತು ಬಡವಾದೆ. ಅದು ಸಾರಾಯಿಯ ಜಾತಿಯೆಂದು ಗೊತ್ತಾದರೆ ಗೌರಿ ಕೈತಪ್ಪಿದಳು. ಹೆಸರಿನ ಅರ್ಥ ಗೊತ್ತಾದರಂತೂ, ಬಸವನ ರಕ್ತವನ್ನು ದೇವರ ಗೂಡಿನಲ್ಲಿಟ್ಟವನು ಎಂದು ನಾಲ್ಕು ತಾಲ್ಲೂಕಿನಲ್ಲಿ ನನಗೆ ಹೆಣ್ಣೂ ಇಲ್ಲ, ನೀರೂ ಇಲ್ಲ. ಅಷ್ಟರಲ್ಲಿ ಮಾವ ಹೇಳಿಕಳಿಸಿದರು: ಬರುವ ಸೋಮವಾರ ರಾವಂದೂರಿನ ದೊಡ್ಡಯ್ಯ ಮಾತುಕತೆಗೆ ಬರುತ್ತಾರೆ, ನೀನೂ ಬ್ಯಾಗ ಬಾ.

ಸೋಮವಾರ ಹೊರಗೆ ಜಗಲಿಯ ಮೇಲೆ ಊರಿನ ನಾಲ್ಕು ಜನ ಹಿರಿಯರು ಕೂತಿದ್ದರು. ಅವರ ನಡುವೆ, ಮೀಸೆ ತಿರುವುತ್ತ, ಮಿಲಿಟರಿ ಚಿಕ್ಕಣ್ಣ. ಆ ಊರಿನಲ್ಲಿ ವೈನು ಕಂಡಿದ್ದ, ಕುಡಿದಿದ್ದ, ಮೂಸಿದರೆ ಹೇಳಬಲ್ಲ ಒಬ್ಬನೇ ಮನುಷ್ಯ. ಒಳಗೆ ನಡುಮನೆಯಲ್ಲಿ ಕಂಬಳಿಯ ಮೇಲೆ ದೊಡ್ಡಯ್ಯ. ಮೈ ಕೈ ತುಂಬಿಕೊಂಡು ಓಡಾಡುತ್ತಿದ್ದ ಅತ್ತೆಯನ್ನು ನೋಡಿ ಅವರಿಗೆ ಆಶ್ಚರ್ಯ.

"ಏನವ್ವಾ, ಒಳ್ಳೇ ಹೊಸ ಮದ್ವಣಗಿತ್ತಿ ಆಗಿದೀಯಲ್ಲಾ!"

"ನಮ್ಮ ಗುರುಸಿದ್ದು ತಂದ ಔಷ್ದಿ ಕಣಯ್ಯ" ಎಂದು ಅತ್ತೆ ಸೀಸೆಯನ್ನು ತಂದು ಅವರ ಮುಂದಿಟ್ಟರು. ಕಾಲು ಭಾಗ ಇನ್ನೂ ಇತ್ತು.

ದೊಡ್ಡಯ್ಯ ವಿಭೂತಿಯನ್ನು ಉಗುರಿನಿಂದ ಸರಿಸಿ ಚೀಟಿ ನೋಡಿದರು. ಚಿತ್ರಕ್ಕೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಇಂಗ್ಲಿಷ್ ಓದ್ದೋನು. ಏನಂತ ಬರ್ದವ್ರೆ? ನಿಜ ಹೇಳು" ಎಂದರು.

ಆ 'ನಿಜ ಹೇಳು' ಎನ್ನುವುದು ಅವರ ಮಾತಿನ ಅಭ್ಯಾಸವೆಂದು ನನಗೆ ಆಮೇಲೆ ಗೊತ್ತಾಯಿತು. ಮಜ್ಜಿಗೆ ಕೊಟ್ಟರೂ "ಉಪ್ಪು ಹಾಕಿದ್ದೀರಾ, ನಿಜ ಹೇಳಿ" ಎನ್ನುತ್ತಿದ್ದರು. ಆದರೆ ಆ ಕ್ಷಣಕ್ಕೆ ನನಗೆ ಎಲ್ಲ ಮುಗಿಯಿತು ಅನ್ನಿಸಿತು. ನಾಲಿಗೆ ತಾನೇ ತಾನಾಗಿ ಹೇಳಿತು:

"ಗೂಳಿ ರಕ್ತ ಅಂತ ದೊಡ್ಡಯ್ಯ."

ಮಾವನ ಕೈಯಲ್ಲಿದ್ದ ವೀಳ್ಯದೆಲೆ ಬಾಯಿಯ ಹತ್ತಿರವೇ ನಿಂತಿತು. ಅಡುಗೆಮನೆಯಲ್ಲಿ ಬಳೆಗಳ ಸದ್ದು ನಿಂತಿತು. ದೊಡ್ಡಯ್ಯ ಸೀಸೆಯನ್ನೇ ನೋಡುತ್ತಿದ್ದರು.

"ಗೂಳಿ ರಕ್ತ," ಎಂದರು ನಿಧಾನಕ್ಕೆ. "ಗೂಳಿ… ರಕ್ತ." ತಲೆದೂಗಿದರು. "ಅಂದ್ರೆ, ಕುಡ್ದೋರಿಗೆ ಗೂಳಿಗಿರೋ ಅಂಥ ರಕ್ತ ಬತ್ತದೆ ಅಂತ! ಎಂಗ್ ಬರ್ದವ್ರೆ ನೋಡು ಕಂಪ್ನಿಯೋರು! ಸುಳ್ಳಾ ಮತ್ತೆ? ಈವಮ್ಮನ್ನ ನೋಡಿದ್ರೆ ಗೊತ್ತಾಗಕಿಲ್ವಾ?"

"ಅದೇ ನಾನೂ ಅನ್ಕಂಡೆ" ಎಂದರು ಮಾವ, ಎಲೆಯನ್ನು ಬಾಯಿಗೆ ಹಾಕಿಕೊಂಡು.

"ನಂಗೂ ಈಚೆಗೆ ರಕ್ತ ಕಮ್ಮಿ ಕಣವ್ವ. ವಸಿ ಹುಯ್ಯಿ." ಅತ್ತೆ ಔನ್ಸು ಗ್ಲಾಸು ತಂದರು. ದೊಡ್ಡಯ್ಯ ಅದನ್ನು ನೋಡಿ, "ನಾನೇನು ಬಾಣ್ತಿಯಾ?" ಎಂದು ಸೀಸೆಯನ್ನೇ ಎತ್ತಿ ಗಟಗಟ ಬಗ್ಗಿಸಿಕೊಂಡರು.

ಅದರ ರುಚಿ ಹೇಗಿತ್ತೆಂದು ನಾನು ಹೇಳಲಾರೆ. ಹೊಸದಾಗಿ ತೆಗೆದಾಗ ಎಗೆರಿನ ವೈನಿನಲ್ಲಿ ಮೆಣಸು, ಒಣಗಿದ ಹಣ್ಣು, ಸ್ವಲ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕ ಹಾದಂಥ ವಾಸನೆ ಇರುತ್ತದೆ. ಒಂದೇ ದ್ರಾಕ್ಷಿಯದಲ್ಲ, ನಾಲ್ಕಾರು ಜಾತಿಯವು ಕೂಡಿ ಆದದ್ದು, ಬೆರಕೆ ಸೊಪ್ಪಿನ ಸಾರಿನ ಹಾಗೆ. ಮುದ್ದೆ, ಹಿತಕಿದ ಅವರೆಬೇಳೆ ಸಾರಿಗೆ ಅದಕ್ಕಿಂತ ಒಳ್ಳೆಯ ಜೊತೆ ಯುರೋಪಿನಲ್ಲಿ ಹುಟ್ಟಿಲ್ಲ. ಅಷ್ಟು ದಿನ ಕಳೆದ ಆ ಕಾಲು ಸೀಸೆ ಮಾತ್ರ ಹುಳಿ ಕಾಡಿಯೇ ಆಗಿದ್ದಿರಬೇಕು. ದೊಡ್ಡಯ್ಯ ಕಣ್ಣು ಕಿರಿದುಮಾಡಿ, ಮೈ ಒಂದು ಸಲ ನಡುಗಿಸಿ, "ಔಷ್ದಿ!" ಎಂದರು. ಎದ್ದು ಜಗಲಿಯ ಕಡೆ ಹೊರಟರು, ತೀರ್ಮಾನ ಹೇಳಲು.

ಆಗ ನೋಡಿದೆ. ಆ ಅಚ್ಚ ಬಿಳಿ ಗಡ್ಡದ ನಡುವೆ, ತುಟಿಯಿಂದ ಎದೆಯವರೆಗೆ, ಅಗಲವಾದ ಒಂದು ಕೆಂಪು ಪಟ್ಟೆ!

ಹೊರಗೆ ಚಿಕ್ಕಣ್ಣ ಕೂತಿದ್ದಾರೆ. ಆ ಕೆಂಪು ಅವರ ಕಣ್ಣಿಗೆ ಬಿದ್ದರೆ ಮುಗಿಯಿತು, ಆ ಗಳಿಗೆಯೇ "ವೈನು!" ಎಂದು ಕೂಗುತ್ತಾರೆ. ದೊಡ್ಡಯ್ಯನನ್ನು ತಡೆಯಬೇಕು. ಕೂಗೋಣವೆಂದು ತೆರೆದ ಬಾಯಿ ತೆರೆದೇ ಉಳಿಯಿತು.

ಅಡುಗೆಮನೆಯಿಂದ ಗೌರಿ ಬಂದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಹೊಸ್ತಿಲಿಗೆ ಅಡ್ಡ ನಿಂತಳು.

"ತಾತ, ವಸಿ ನಿಂತ್ಕಳಿ. ಗಡ್ಡಕ್ಕೆ ಸಾರು ಅಂಟ್ಕಂಡದೆ."

"ಸಾರಾ? ಇನ್ನೂ ಉಣ್ಣಕ್ಕೇ ಇಕ್ಕಿಲ್ವಲ್ಲವ್ವಾ ನೀವು?"

"ರಾವಂದೂರಿಂದೇ ಇರ್ಬೇಕು ಬುಡಿ" ಎಂದಳು ಗೌರಿ. ತುಟಿಯಿಂದ ಎದೆಯವರೆಗೆ, ಮೂರು ಸಲ, ತಲೆ ಬಗ್ಗಿಸಿಕೊಂಡು ಒರೆಸಿದಳು. ಗಡ್ಡ ಬೆಳ್ಳಗಾಯಿತು. ಬಟ್ಟೆಯನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗೆ ಹೋಗುವಾಗ ನನ್ನ ಮುಂದೆ ಒಂದು ಕ್ಷಣ ನಿಂತಳು. ದೊಡ್ಡವರಾದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು:

"ಭಾವ, ಬಾಯಿ ಮುಚ್ಕಳಿ. ನೊಣ ಹೋದಾತು."

ಜಗಲಿಯಲ್ಲಿ ದೊಡ್ಡಯ್ಯನ ಗಂಟಲು ಕೇಳಿಸಿತು. "ಹುಡುಗ ವಸಿ ಪುಕ್ಲ. ಆದ್ರೆ ಸುಳ್ಳೇಳಾಕಿಲ್ಲ. ಚೀಟೀಲಿ ಏನದೆ ಅಂದ್ರೆ, ಇದ್ದದ್ದ ಇದ್ದಂಗೆ ಅಂದ. ಹೆಣ್ಣು ಕೊಡಾದೇ ಸೈ."

ಎಲ್ಲರೂ ಹೂಂಗುಟ್ಟಿದರು. ಪಕ್ಕದಲ್ಲಿ ಕೂತಿದ್ದ ಚಿಕ್ಕಣ್ಣ ಮಾತ್ರ ಮೂಗು ಅರಳಿಸಿ ಗಾಳಿ ಎಳೆಯುತ್ತಿದ್ದರು. "ಯಾಕೋ ದೊಡ್ಡಯ್ಯ, ನೀವು ಮಾತಾಡ್ತಾ ಇದ್ರೆ ನಂಗೆ ಇಟ್ಲಿ ಗ್ಯಾಪ್ನ ಬತ್ತಾ ಅದೆ."

"ಇಡ್ಲಿನಾ? ಒಳಗೆ ಕೇಳು, ಇದ್ರೆ ಹಾಕ್ತಾರೆ."

ಅಂತೂ ಆ ಸೀಸೆಯ ಒಂದು ಹನಿಯೂ ಅದರ ನಿಜವಾದ ಹಕ್ಕುದಾರನಿಗೆ ಸಿಗಲಿಲ್ಲ. ಖಾಲಿ ಸೀಸೆ ಗೌರಿಯ ಜೊತೆ ನನ್ನ ಮನೆಗೆ ಬಂತು. ಅವಳು ಅದಕ್ಕೆ ಹರಳೆಣ್ಣೆ ತುಂಬಿದಳು.

ದೊರೆ ಹೇಳದೆ ಹೋದದ್ದು ನನಗೆ ಗೊತ್ತಾದದ್ದು ಹತ್ತಿಪ್ಪತ್ತು ವರ್ಷಗಳ ಮೇಲೆ, ಮೈಸೂರಿನ ವಾಚನಾಲಯದಲ್ಲಿ ಒಂದು ಹಳೆಯ ಪತ್ರಿಕೆ ಮಗುಚುತ್ತಿದ್ದಾಗ. ಹಿಂದೆ ಎಗೆರಿನ ಕೋಟೆಗೆ ತುರ್ಕಿಯವರು ಮುತ್ತಿಗೆ ಹಾಕಿದ್ದರಂತೆ. ಒಳಗಿದ್ದವರು ಕೊಂಚವೇ ಮಂದಿ. ಧೈರ್ಯಕ್ಕೆಂದು ಕೆಂಪು ವೈನು ಕುಡಿದು, ಗಡ್ಡಮೀಸೆಗೆಲ್ಲ ಸುರಿಸಿಕೊಂಡು ಕೋಟೆಯ ಗೋಡೆಯ ಮೇಲೆ ಬಂದು ನಿಂತರಂತೆ. ಆ ಕೆಂಪು ಗಡ್ಡಗಳನ್ನು ನೋಡಿದ ತುರ್ಕಿಯವರು, ಇವರು ಗೂಳಿಯ ರಕ್ತ ಕುಡಿದು ಬಂದಿದ್ದಾರೆ, ಇವರನ್ನು ಗೆಲ್ಲುವುದುಂಟೇ ಎಂದು ಕಾಲಿಗೆ ಬುದ್ಧಿ ಹೇಳಿದರಂತೆ. ಅವತ್ತು ವಾಚನಾಲಯದಲ್ಲಿ ನಾನು ಗಟ್ಟಿಯಾಗಿ ನಕ್ಕು, ಮೌನವಾಗಿರಿ ಎಂಬ ಹಲಗೆಯ ಕೆಳಗಿದ್ದವರಿಂದ ಬೈಸಿಕೊಂಡೆ.

ಮೊನ್ನೆ ಎಣ್ಣೆ ಮೆತ್ತಿಕೊಂಡು ಕೂತಿದ್ದ ಶಂಕರನಿಗೆ ಇದನ್ನೆಲ್ಲ ಹೇಳಿದೆ. ಗೌರಿ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಅವತ್ತು ಎಲ್ಲ ಗೊತ್ತಿತ್ತೇ ಎಂದು ನಾನು ಇಷ್ಟು ವರ್ಷಗಳಲ್ಲಿ ಬಹಳ ಸಲ ಕೇಳಿದ್ದೇನೆ. "ಸಾರು ಅಂತ್ಲೇ ಅನ್ಕಂಡಿದ್ದೆ" ಎನ್ನುತ್ತಾಳೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಕೋಟೆಯ ಕಥೆಯನ್ನು ಮಾತ್ರ ಅವಳು ಈಗಲೇ ಮೊದಲ ಸಲ ಕೇಳಿದ್ದು. ಕೈಯಲ್ಲಿದ್ದ ಅವರೆಕಾಯನ್ನು ಮೊರಕ್ಕೆ ಹಾಕಿದಳು.

"ಪಾಪ," ಎಂದಳು. "ಅಷ್ಟು ದೊಡ್ಡ ಕೋಟೇಲಿ ಗಡ್ಡ ಒರ್ಸಕ್ಕೆ ಒಂದು ಹೆಣ್ಣೂ ಇರ್ಲಿಲ್ವಾ?"